ನಾಲ್ಕು ಚಕ್ರ, ಎರಡು ಅಳತೆ

ಹೊಳೆದಡದ ಆಶ್ರಮಕ್ಕೆ ಕಾತ್ಯಾಯಿನಿ ಬಂದು ಏಳು ವಾರವಾಗಿತ್ತು. ಇಷ್ಟು ದಿನ ಅವಳು ಒಂದೇ ಕಡೆ ನಿಂತದ್ದು ನಲವತ್ತು ವರ್ಷಗಳಲ್ಲಿ ಅದೇ ಮೊದಲು.

ನಿಂತಿದ್ದಳು ಅನ್ನುವುದೂ ಅತಿಯಾಯಿತು. ಕಾಲು ನಿಂತಿತ್ತು, ಅಷ್ಟೆ.

ಮರುಭೂಮಿಯಲ್ಲಿ, ಮಂಜಿನಲ್ಲಿ, ಎಡಗಡೆ ಓಡಿಸುವ ದೇಶಗಳಲ್ಲಿ, ಬಲಗಡೆ ಓಡಿಸುವ ದೇಶಗಳಲ್ಲಿ, ಎಲ್ಲಿ ಬೇಕಾದರೂ ಓಡಿಸುವ ದೇಶಗಳಲ್ಲಿ ಅವಳು ಕಾರು ಓಡಿಸಿದ್ದಳು. ಆದರೆ ಕಣ್ಣು ಮುಚ್ಚಿ ಕೂತರೆ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ಜಪಸರ ಕೈಗೆ ಬಂದರೆ ಮಣಿಗಳು ಓಟಕ್ಕೆ ಬೀಳುತ್ತಿದ್ದವು.

ಗುರು ಅವಳನ್ನು ಕರೆಸಿದರು. ಗುರು ಎಂದರೆ ಎಪ್ಪತ್ತು ದಾಟಿದ ಸಣ್ಣ ಮೈಯ ಹೆಂಗಸು. ಎಲ್ಲರೂ ಅವ್ವ ಎನ್ನುತ್ತಿದ್ದರು.

"ಕೂತರೆ ಓಡ್ತೀಯ," ಎಂದರು ಅವ್ವ. "ಹಾಗಾದ್ರೆ ಓಡ್ತಾ ಕೂತ್ಕೊ. ಈ ಅಮಾವಾಸ್ಯೆಯಿಂದ ಕಾರು ನಿಂದು."

ಅದು ಆಶ್ರಮದ ಪದ್ಧತಿ. ಅಮಾವಾಸ್ಯೆ ಬಂದರೆ ಎಲ್ಲರ ಕೆಲಸ ಬದಲಾಗಬೇಕು. ಸ್ಟೇರಿಂಗ್ ಹಿಡಿದವರು ಮುಂದಿನ ತಿಂಗಳು ಹಿಂದಿನ ಸೀಟಿಗೆ, ರೋಗಿಯ ಜೊತೆಗೆ. ಹಿಂದೆ ಕೂತವರು ಅಡುಗೆಮನೆಗೆ. ಅಡುಗೆಯವರು ಕೊಟ್ಟಿಗೆಗೆ. ಅದೇ ದಿನ ಕಾರಿನ ಮುಂದಿನ ಚಕ್ರ ಬಿಚ್ಚಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಆಶ್ರಮದಲ್ಲಿ ಜಾಕಿ ಎತ್ತಲು ಬಾರದ ಸಾಧಕರೇ ಇರಲಿಲ್ಲ.

ಆ ಕಾರೋ, ಉದ್ದನೆಯ ಕಪ್ಪು ವಿದೇಶಿ ಕಾರು. ಸಂಸಾರ ಬಿಟ್ಟು ಬಂದ ಒಬ್ಬ ಶ್ರೀಮಂತ ಅದನ್ನೂ ಬಿಟ್ಟೆನೆಂದು ಆಶ್ರಮಕ್ಕೆ ಒಪ್ಪಿಸಿದ್ದ. ಮೂರು ತಿಂಗಳಿಗೆ ಸಂಸಾರ ನೆನಪಾಗಿ ವಾಪಸ್ ಹೋದ. ಕಾರನ್ನು ಕೇಳಲು ನಾಚಿಕೆಯಾಯಿತು.

ಅವನ ನಾಚಿಕೆಯಿಂದಾಗಿ ಊರಿನ ಅಂಚೆ ಮುನಿಯಪ್ಪ ಬದುಕಿದ್ದ.

ಮೂವತ್ತೈದು ವರ್ಷ ಸೈಕಲ್ಲಿನಲ್ಲಿ ಟಪಾಲು ಹಂಚಿದ ಮುನಿಯಪ್ಪನ ಎರಡು ಕಿಡ್ನಿಯೂ ಈಗ ಕೆಲಸ ಬಿಟ್ಟಿದ್ದವು. ಮಂಗಳವಾರ, ಶುಕ್ರವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ, ರಕ್ತ ತೊಳೆಯುವ ಯಂತ್ರಕ್ಕೆ ನಾಲ್ಕು ಗಂಟೆ ಕೈಕೊಟ್ಟು ಮಲಗಿ ಬರಬೇಕು. ಕಾರು ಅವನನ್ನು ಕರೆದೊಯ್ಯುತ್ತಿತ್ತು.

ದಾರಿ ದೊಡ್ಡದಲ್ಲ, ಕೆಟ್ಟದ್ದು. ದಡ ಇಳಿದರೆ ಬೇಸಗೆಯ ಬತ್ತಿದ ಹೊಳೆ, ಕಣಕಾಲು ಹೂತುಹೋಗುವಷ್ಟು ಮರಳು. ಮರಳು ದಾಟಿದರೆ ದಿಬ್ಬ. ದಿಬ್ಬ ಹತ್ತಿದರೆ ಮೂವತ್ತು ಕಿಲೋಮೀಟರು ಕಲ್ಲು ರಸ್ತೆ.

ಮರಳು ದಾಟಲು ಆಶ್ರಮದವರಿಗೆ ಒಂದೇ ಉಪಾಯ ಗೊತ್ತಿತ್ತು. ಇಳಿದು ನಾಲ್ಕೂ ಟಯರಿನ ಗಾಳಿ ಅರ್ಧಕ್ಕರ್ಧ ಬಿಡುವುದು. ಮೆತ್ತಗೆ ದಾಟುವುದು. ಆ ಕಡೆ ನಿಂತು ಕಾಲಿನ ಪಂಪಿನಿಂದ ಮತ್ತೆ ತುಂಬುವುದು. ಅರ್ಧ ಗಂಟೆ. ಬರುವಾಗ ಇನ್ನೊಂದು ಅರ್ಧ ಗಂಟೆ.

ಆ ಅರ್ಧ ಗಂಟೆ ಬೇಲಿ ನೆರಳಲ್ಲಿ ಕೂತು ಮುನಿಯಪ್ಪ ಯಾರಿಗೆ ಯಾವ ಕಾಗದ ಬಂದಿತ್ತು ಎಂದು ಹೇಳುತ್ತಿದ್ದ. ಕಾತ್ಯಾಯಿನಿ ಪಂಪು ತುಳಿಯುತ್ತಿದ್ದಳು, ಪಂಪಿನ ಮೇಲೆ ಯಾವ ಜನ್ಮದ ಸೇಡಿತ್ತೋ ಎಂಬಂತೆ.

ಅವಳ ಕೈಗೆ ಬರುವಾಗಲೇ ಟಯರುಗಳು ಸವೆದಿದ್ದವು. ಪೇಟೆಯಲ್ಲಿ ಟಯರ್ ಅಂಗಡಿಯಿದ್ದ ದಾವೂದ್ ಸಾಬರು ಅವ್ವನ ಭಕ್ತರು. "ಅವ್ವನ ಗಾಡಿಗೆ ನನ್ನ ಕಡೆಯಿಂದ," ಎಂದು ಎರಡು ಸೆಟ್ಟು ಹೊರಗಿಟ್ಟರು.

"ಇದು ನಾಲ್ಕೂ ಒಂದೇ ಅಳತೆ. ರಿಮ್ಮು ಚಿಕ್ಕದು, ರಬ್ಬರು ದಪ್ಪ. ಇದು ನೋಡಿ ಮೇಡಂ, ಶೋಕಿ ಮಾಲು. ಹಿಂದೆ ಅಗಲ, ಮುಂದೆ ಕಿರಿದು. ರಿಮ್ಮು ದೊಡ್ಡದು, ರಬ್ಬರು ತೆಳು. ಒಬ್ರು ತಗೊಂಡು, ಮನೇಲಿ ಬೈದ್ರು ಅಂತ ವಾಪಸ್ ತಂದ್ರು."

ಕಾತ್ಯಾಯಿನಿ ಅಗಲದ ಟಯರನ್ನು ಕುದುರೆಯ ಕುತ್ತಿಗೆಯಂತೆ ತಟ್ಟಿದಳು.

"ಒಂದು ಮಾತು," ಎಂದರು ಸಾಬರು. "ಇದನ್ನ ಹಿಂದೆ ಮುಂದೆ ಬದಲಾಯಿಸೋ ಹಾಗಿಲ್ಲ. ಯಾವುದರ ಜಾಗ ಯಾವುದೋ ಅಲ್ಲೇ ಇರಬೇಕು, ಸವೆಯೋ ತನಕ."

ಅವಳಿಗೆ ಆ ಮಾತು ಕೊರತೆಯಂತೆ ಕೇಳಿಸಲಿಲ್ಲ. ಆದರೂ ಅವ್ವನನ್ನು ಕೇಳಿ ಬರುತ್ತೇನೆ ಎಂದಳು.

"ಎರಡು ಅಳತೆ ಯಾಕೆ?" ಎಂದರು ಅವ್ವ.

"ಹಿಂದಿನ ಚಕ್ರ ತಳ್ಳುತ್ತೆ ಅವ್ವ, ಮುಂದಿನದು ತಿರುಗುತ್ತೆ. ಕೆಲಸ ಬೇರೆ, ಅಳತೆ ಬೇರೆ. ಆನೆಗೂ ಇರುವೆಗೂ ಒಂದೇ ಚಪ್ಪಲಿ ಹೊಲಿಸ್ತೀವಾ?"

"ಇರುವೆಗೆ ಚಪ್ಪಲಿ ಹೊಲಿಸಿದ್ದನ್ನೇ ನಾನು ಕೇಳಿಲ್ಲ. ನಾಲ್ಕೂ ಒಂದೇ ಆದ್ರೆ?"

"ಅದೂ ಓಡುತ್ತೆ. ಜಾಗ ಬದಲಾಯಿಸ್ತಾ ಇದ್ರೆ ನಾಲ್ಕೂ ಸಮ ಸವೀತವೆ. ಆದ್ರೆ ಮರಳಿನಲ್ಲಿ ಅದೇ ಹಳೇ ಗೋಳು. ಗಾಳಿ ಬಿಡು, ಗಾಳಿ ತುಂಬು. ಅಗಲದ್ದು ಹಾಕಿದ್ರೆ ಇಳಿಯೋದೇ ಬೇಡ, ಒಂದೇ ಉಸಿರಿಗೆ ದಾಟಬಹುದು. ಅರ್ಧ ಗಂಟೆ ಉಳೀತು."

"ಆ ಅರ್ಧ ಗಂಟೇಲಿ ನಿನಗೇನು ಕೆಲಸ?"

ಕಾತ್ಯಾಯಿನಿ ತಡವರಿಸಿದಳು. "ಬೇಗ ತಲುಪೋದು."

"ಸರಿ," ಎಂದರು ಅವ್ವ. "ತಲುಪು."

ಮಂಗಳವಾರ ಹೊಸ ಚಕ್ರದ ಮೇಲೆ ಕಾರು ದಡ ಇಳಿಯಿತು. ಹಿಂದಿನ ಸೀಟಿನಲ್ಲಿ ಮುನಿಯಪ್ಪ, ಪಕ್ಕದಲ್ಲಿ ಆ ತಿಂಗಳ ಜೊತೆಗಾರ ಚೆಲುವಯ್ಯ. ಅವನು ಆಶ್ರಮದಲ್ಲಿ ಇಪ್ಪತ್ತೆರಡು ವರ್ಷ ಕಳೆದವನು. ಆ ಇಪ್ಪತ್ತೆರಡು ವರ್ಷವೂ ಒಂದಲ್ಲ ಒಂದಕ್ಕೆ ಗೊಣಗಿದವನು.

ಕಾತ್ಯಾಯಿನಿ ನಿಲ್ಲಿಸಲಿಲ್ಲ. ಕಾರು ಮರಳಿನ ಮೇಲೆ ತೇಲಿತು. ದಿಬ್ಬಕ್ಕೆ ಮೂಗು ಕೊಟ್ಟಿತು. ಹಿಂದಿನ ಅಗಲ ಚಕ್ರಗಳು ನೆಲವನ್ನು ಕಚ್ಚಿ ಹಿಡಿದು ಮೇಲಕ್ಕೆ ನೂಕಿದವು.

ಅವಳು ಹಿಂದಕ್ಕೆ ತಿರುಗಿ ನಕ್ಕಳು. "ಹೇಗಿದೆ ಮುನಿಯಣ್ಣ?"

"ವಿಮಾನ ಕಣಮ್ಮ!" ಎಂದ ಮುನಿಯಪ್ಪ.

"ವಿಮಾನದಲ್ಲಿ ಸೊಂಟ ಮುರಿಯಲ್ವಂತೆ," ಎಂದ ಚೆಲುವಯ್ಯ.

ಚೆಲುವಯ್ಯನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅವಳು ಅರ್ಧ ಗಂಟೆ ಉಳಿಸಿದಳು. ಉಳಿಸಿದ ಅರ್ಧ ಗಂಟೆಯನ್ನು ಆಸ್ಪತ್ರೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ಕಳೆದಳು.

ಅಮಾವಾಸ್ಯೆ ಬಂತು. ಚೆಲುವಯ್ಯ ಜಾಕಿ ಹಿಡಿದು ಬಂದ.

"ಬೇಡ, ಬೇಡ! ಇವನ್ನ ಬದಲಾಯಿಸೋ ಹಾಗಿಲ್ಲ," ಎಂದು ಕಾತ್ಯಾಯಿನಿ ಕಾರಿಗೆ ಅಡ್ಡ ನಿಂತಳು.

"ಇಪ್ಪತ್ತೆರಡು ವರ್ಷದಿಂದ ಬದಲಾಯಿಸ್ತಾ ಬಂದಿದೀನಿ ಕಾತ್ಯಾಯಿನಮ್ಮ. ಮೊದಲಿದ್ದ ಜೀಪಿಗೂ ಮಾಡಿದೀನಿ, ಈ ರಾಜಕುಮಾರನಿಗೂ ಮಾಡಿದೀನಿ."

"ಅಗಲದ್ದು ಮುಂದೆ ಹಾಕಿದ್ರೆ ಗಾಡಿ ಮೈಗೆ ಉಜ್ಜುತ್ತೆ, ತಿರುವಿನಲ್ಲಿ ತಿರುಗೋದೇ ಇಲ್ಲ. ಅದರ ಜಾಗ ಹಿಂದೇನೇ."

ಇಬ್ಬರೂ ಅವ್ವನ ಮುಂದೆ ನಿಂತರು. ಬಂದದ್ದು ಬಂದಾಯಿತು, ಇನ್ನೊಂದನ್ನೂ ಕೇಳಿಬಿಡೋಣ ಅನ್ನಿಸಿತು ಕಾತ್ಯಾಯಿನಿಗೆ. ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಒಂದು ತಿಂಗಳು! ನೆನೆದರೇ ಹೆಬ್ಬೆರಳು ಕುಣಿಯಿತು.

"ಅವ್ವ, ಚಕ್ರಕ್ಕೆ ಒಂದು ಜಾಗ ಅಂತ ಇದ್ದ ಮೇಲೆ ಮನುಷ್ಯರಿಗೂ ಇರಲಿ. ಈ ಮರಳಲ್ಲಿ ನನ್ನಷ್ಟು ಚೆನ್ನಾಗಿ ಓಡಿಸೋರು ಇಲ್ಲಿ ಇನ್ಯಾರೂ ಇಲ್ಲ. ಸ್ಟೇರಿಂಗ್ ನನಗೇ ಇರಲಿ."

"ಅಲ್ಲವ್ವ," ಎಂದ ಚೆಲುವಯ್ಯ, "ಅವರು ಹಿಂದಕ್ಕೆ ಬರದಿದ್ರೆ ನಾನು ಅಡುಗೆಮನೆಗೆ ಹೋಗೋದು ಹೇಗೆ? ಅಲ್ಲೇ ಕೂತಿರಬೇಕಾ?"

"ನಿನ್ನ ಅಡುಗೆ ತಪ್ಪಿತು ಅಂತ ಯಾರೂ ಅಳಲ್ಲ," ಎಂದರು ಅವ್ವ. ಕಾತ್ಯಾಯಿನಿಯ ಕಡೆ ತಿರುಗಿದರು. "ಆಗಲಿ. ಯಾವ ಜಾಗದಲ್ಲಿ ಯಾರಿದ್ದೀರೋ ಅಲ್ಲೇ ಇರಿ."

ಬೇಕಾದದ್ದು ಸಿಕ್ಕಿತು. ಸಿಕ್ಕ ಮೇಲೆ ಸಮಾಧಾನವೂ ಬರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರೋ. ಮುಂದಿನ ಎರಡು ವಾರ ಇನ್ನೂ ಬೇಗ ದಾಟಿದಳು. ಇನ್ನೂ ಬೇಗ ತಲುಪಿದಳು. ಆಸ್ಪತ್ರೆಯ ವರಾಂಡದಲ್ಲಿ ಇನ್ನೂ ಹೆಚ್ಚು ನಡೆದಳು.

ಒಂದು ಗುರುವಾರ ಮುನಿಯಪ್ಪ ಹೇಳಿ ಕಳಿಸಿದ: ನಾಳೆ ಕಾರು ಬೇಡ.

ಅವಳು ಅವನ ಮನೆಯಂಗಳಕ್ಕೆ ಓಡಿದಳು. ಮುನಿಯಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ.

"ಬೇಡ ಅಂದ್ರೆ? ಇದೇನು ಮದುವೆ ಊಟಾನಾ, ಒಂದು ತಪ್ಪಿದ್ರೆ ಇನ್ನೊಂದು ಅನ್ನೋಕೆ?"

"ಸಾಕು ಕಣಮ್ಮ."

"ಏನು ಸಾಕು?"

"ಮೂವತ್ತೈದು ವರ್ಷ ಎಲ್ಲರ ಬಾಗಿಲಿಗೂ ನಾನೇ ಹೋದೆ. ಇನ್ನು ನನ್ನ ಹೆಸರಿಗೆ ಬರೋದು ಬಂದ್ರೆ ಇಲ್ಲೇ ಕೂತು ಸಹಿ ಹಾಕಿ ತಗೋತೀನಿ."

ಅವಳು ಬೈದಳು, ಬೇಡಿಕೊಂಡಳು. ಮುನಿಯಪ್ಪ ನಕ್ಕನೇ ಹೊರತು ಹೂಂ ಅನ್ನಲಿಲ್ಲ.

ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅವ್ವ, ಮುನಿಯಣ್ಣ ಬದುಕೋ ಆಸೇನೇ ಬಿಟ್ಟಿದ್ದಾರೆ. ನೀವು ಒಂದು ಮಾತು ಹೇಳಬೇಕು."

"ಯಾಕಂತೆ?"

"ವೈರಾಗ್ಯ."

"ಮುನಿಯಪ್ಪನಿಗಾ?" ಅವ್ವ ಒಂದು ಬೀಜ ಎಸೆದರು. "ಮೊನ್ನೆ ತಾನೆ ಡಾಕ್ಟರಿಗೆ ಗೊತ್ತಾಗದ ಹಾಗೆ ಒಂದು ತುಂಡು ಮಾವಿನಕಾಯಿ ಉಪ್ಪಿನಕಾಯಿ ಕಳಿಸಿ ಅಂತ ಹೇಳಿ ಕಳಿಸಿದ್ದ."

"ಮತ್ತೆ ಯಾಕೆ ಬರಲ್ಲ?"

ಅವ್ವ ಇನ್ನೂ ನಾಲ್ಕು ಹಣ್ಣು ಬಿಡಿಸಿದರು. ಕಾತ್ಯಾಯಿನಿ ಅಷ್ಟರಲ್ಲಿ ಮೂರು ಸಲ ಕಾಲು ಬದಲಿಸಿದಳು.

"ನಾಳೆ ಎಂದಿನ ಹೊತ್ತಿಗೆ ಗಾಡಿ ಹೊರಡಲಿ," ಎಂದರು ಅವ್ವ. "ಚೆಲುವಯ್ಯ ಓಡಿಸಲಿ."

"ಮುನಿಯಣ್ಣನೇ ಇಲ್ಲದ ಮೇಲೆ ಗಾಡಿ ಯಾಕೆ?"

"ಅವನ ಜಾಗ ಖಾಲಿ ಹೋಗಬಾರದು. ಹಿಂದಿನ ಸೀಟಲ್ಲಿ ಅವನ ಹಾಗೆ ನೀನು ಮಲಕ್ಕೊ."

ಶುಕ್ರವಾರ ಬೆಳಿಗ್ಗೆ ಕಾತ್ಯಾಯಿನಿ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದಳು. ಆ ಕಾರಿನ ಹಿಂದಿನ ಬಾಗಿಲನ್ನು ಅವಳು ಬೇರೆಯವರಿಗಾಗಿ ತೆರೆದಿದ್ದಳು, ತಾನೊಮ್ಮೆಯೂ ಒಳಗೆ ಹೋಗಿರಲಿಲ್ಲ.

ಮರಳು ಮೆತ್ತಗಿತ್ತು. ದಿಬ್ಬವೂ ಪರವಾಗಿಲ್ಲ. ಆಮೇಲೆ ಕಲ್ಲು ರಸ್ತೆ ಶುರುವಾಯಿತು.

ಮೊದಲ ಏಟಿಗೆ ಹಲ್ಲಿಗೆ ಹಲ್ಲು ತಾಗಿತು. ಎರಡನೆಯದಕ್ಕೆ ನಾಲಗೆ ಕಚ್ಚಿಕೊಂಡಳು.

"ಚೆಲುವಯ್ಯ, ನಿಧಾನ!"

"ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಳಬೇಕು. ನೀವು ಇದರ ಎರಡರಷ್ಟು ಓಡಿಸ್ತಿದ್ರಿ."

ಸ್ಟೇರಿಂಗ್ ಹಿಡಿದವಳಿಗೆ ಕಲ್ಲು ಮೊದಲು ಕಣ್ಣಿಗೆ ಬರುತ್ತದೆ, ಆಮೇಲೆ ಚಕ್ರಕ್ಕೆ. ಮೈ ಅಷ್ಟರಲ್ಲಿ ಸಿದ್ಧವಾಗಿರುತ್ತದೆ. ಹಿಂದೆ ಮಲಗಿದವಳಿಗೆ ಕಲ್ಲು ಹೇಳದೆ ಕೇಳದೆ ನೇರ ಬೆನ್ನಿಗೆ ಬರುತ್ತಿತ್ತು. ಬೀಡಿಯ ಹೊದಿಕೆಯಷ್ಟು ತೆಳು ಆ ರಬ್ಬರು. ರಸ್ತೆಯ ಒಂದೊಂದು ಹರಳನ್ನೂ ಅದು ಲೋಪವಿಲ್ಲದೆ ಒಳಕ್ಕೆ ತಲುಪಿಸುತ್ತಿತ್ತು.

ಕಿಟಕಿಯ ಮೇಲಿನ ಹಿಡಿಗೆ ಮುನಿಯಪ್ಪನ ಹಳೆಯ ಟವೆಲ್ಲು ಕುಣಿಕೆ ಹಾಕಿ ಕಟ್ಟಿತ್ತು. ಕನ್ನಡಿಯಲ್ಲಿ ಅದನ್ನು ಪ್ರತಿ ಸಲ ನೋಡುತ್ತಿದ್ದಳು. ಒಣಹಾಕಿದ್ದಾನೆ ಎಂದುಕೊಂಡಿದ್ದಳು.

ಈಗ ಆ ಕುಣಿಕೆಯಲ್ಲಿ ತನ್ನ ಎಡಗೈ ಇಟ್ಟು ನೋಡಿದಳು. ಮೊಣಕೈ ಸೀಟಿಗೆ ತಾಗದಂತೆ ಗಾಳಿಯಲ್ಲಿ ತೂಗಿತು. ಮುನಿಯಪ್ಪನಿಗೆ ಅದು ಸೂಜಿ ಚುಚ್ಚಿದ ಕೈ. ಬರುವಾಗ ಗಾಯ ಹಸಿಯಾಗಿರುತ್ತಿದ್ದ ಕೈ.

ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ, ಬಾಗಿಲು ತೆರೆದು ವಾಂತಿ ಮಾಡಿದಳು. ಚೆಲುವಯ್ಯ ನೀರಿನ ಬಾಟಲಿ ಕೊಟ್ಟ.

"ಇಷ್ಟಿದ್ರೆ ಯಾಕೆ ಹೇಳಲಿಲ್ಲ ನೀವು?"

"ದಿನಾ ಹೇಳ್ತಿದ್ದೆ," ಎಂದ ಚೆಲುವಯ್ಯ.

ಪೇಟೆ ಬಂತು. "ಆಸ್ಪತ್ರೆಗಾ?" ಎಂದು ಕೇಳಿದ.

"ಮೊದಲು ದಾವೂದ್ ಸಾಬರ ಅಂಗಡಿಗೆ."

ಸಾಬರು ಶೋಕಿ ಚಕ್ರ ಬಿಚ್ಚಿಸುತ್ತ ನಕ್ಕರು. "ನಿಮಗೂ ಮನೇಲಿ ಬೈದ್ರಾ ಮೇಡಂ?"

ಚಿಕ್ಕ ರಿಮ್ಮು, ದಪ್ಪ ರಬ್ಬರು, ನಾಲ್ಕೂ ಒಂದೇ ಅಳತೆ. ಹಾಕಿಸಿಕೊಂಡು ಆಸ್ಪತ್ರೆಗೆ ಹೋದಳು. ಯಂತ್ರದ ಪಕ್ಕದ ನರ್ಸು ಖಾಲಿ ಮಂಚ ತೋರಿಸಿ ಗದರಿದಳು.

"ಪೇಷಂಟನ್ನ ಬಿಟ್ಟು ಬರೀ ಕಾರು ತಂದಿದ್ದೀರಾ? ನಾಳೆ ಹನ್ನೆರಡಕ್ಕೆ ಒಂದು ಜಾಗ ಇದೆ. ಅದೂ ತಪ್ಪಿದ್ರೆ ಮೈಯಲ್ಲಿರೋ ನೀರು ಶ್ವಾಸಕೋಶಕ್ಕೆ ಹತ್ತುತ್ತೆ. ಆಮೇಲೆ ನನ್ನನ್ನ ಕೇಳಬೇಡಿ."

ಸಂಜೆ ಮುನಿಯಪ್ಪ ಅದೇ ಕಂಬಕ್ಕೆ ಒರಗಿದ್ದ. ಪಾದಗಳು ಊದಿಕೊಂಡು ಮಿರುಗುತ್ತಿದ್ದವು.

"ಬೆನ್ನು ಮುರೀತಿತ್ತು ಅಂತ ಒಂದು ಮಾತು ಹೇಳಬಾರದಾ ಮುನಿಯಣ್ಣ?"

"ಬಿಟ್ಟಿ ಗಾಡೀಲಿ ಕೂತು ಮೆತ್ತಗಿಲ್ಲ ಅನ್ನೋಕಾಗುತ್ತಾ?"

"ಸಾಯ್ತೀನಿ ಅನ್ನೋಕಾಗುತ್ತೆ, ನೋಯುತ್ತೆ ಅನ್ನೋಕಾಗಲ್ವಾ?"

ಮುನಿಯಪ್ಪ ಟವೆಲ್ಲಿಲ್ಲದ ಹೆಗಲು ತಡವಿಕೊಂಡ.

"ಅದಲ್ಲ ಕಣಮ್ಮ. ದಿಬ್ಬ ಹತ್ತಿಸಿ ಹಿಂದಕ್ಕೆ ತಿರುಗಿ ನಗ್ತಿದ್ಯಲ್ಲ. ಬಂದಾಗಿನಿಂದ ನೀನು ನಕ್ಕಿದ್ದು ಅದೊಂದೇ ಜಾಗದಲ್ಲಿ. ಅದನ್ನ ಹೇಗೆ ಕೆಡಿಸಲಿ?"

ಕಾತ್ಯಾಯಿನಿ ಜಗಲಿಯ ಅಂಚಿನಲ್ಲಿ ಕೂತಳು. ಬಹಳ ಹೊತ್ತು ಎದ್ದೇಳಲಿಲ್ಲ.

"ಚಕ್ರ ಬದಲಾಯಿಸಿದೀನಿ," ಎಂದಳು ಕೊನೆಗೆ. "ನಾಳೆ ಹನ್ನೆರಡಕ್ಕೆ ಮಂಚ ಇದೆ. ಮರಳಲ್ಲಿ ಗಾಳಿ ಬಿಡಬೇಕಾಗುತ್ತೆ, ಮತ್ತೆ ತುಂಬಬೇಕಾಗುತ್ತೆ. ತಡ ಆಗುತ್ತೆ."

"ಯಾರು ತುಂಬೋದು? ನೀನಾ?"

"ನಾನೇ."

"ಬೈಕೊಳ್ಳದೇ?"

"ಅದು ಮಾತ್ರ ಗೊತ್ತಿಲ್ಲ."

"ಹಾಗಾದ್ರೆ ಬರ್ತೀನಿ," ಎಂದ ಮುನಿಯಪ್ಪ. "ನೋಡೋ ಹಾಗಿರುತ್ತೆ."

ಶನಿವಾರ ಹೋಗುವಾಗ ಅವಳು ಎಲ್ಲವನ್ನೂ ಸರಿಯಾಗಿ ಮಾಡಿದಳು. ನಿಲ್ಲಿಸಿದಳು, ಗಾಳಿ ಬಿಟ್ಟಳು, ದಾಟಿದಳು, ತುಂಬಿದಳು. ಅಷ್ಟರಲ್ಲಿ ಮುನಿಯಪ್ಪ, ಸತ್ತುಹೋದ ಒಬ್ಬ ಮಾಸ್ತರರಿಗೆ ಹನ್ನೊಂದು ವರ್ಷ ಬಂದ ಹಸಿರು ಲಕೋಟೆಗಳ ಕಥೆ ಶುರುಮಾಡಿದ್ದ. ಮುಗಿಸಲಿಲ್ಲ.

ನಾಲ್ಕು ಗಂಟೆ ಯಂತ್ರ ತಿರುಗಿತು. ಮುನಿಯಪ್ಪನ ಪಾದದ ಊತ ಇಳಿಯಿತು.

ಬರುವಾಗ ಕಲ್ಲು ರಸ್ತೆಯಲ್ಲಿ ಹಿಂದಿನಿಂದ ಒಂದು ಸದ್ದೂ ಇಲ್ಲ. ಕಾತ್ಯಾಯಿನಿ ಕನ್ನಡಿ ನೋಡಲಿಲ್ಲ. ಹೊಳೆ ಕಾಣಿಸಿತ್ತು, ಆಚೆ ದಡದಲ್ಲಿ ಆಶ್ರಮ ಕಾಣಿಸಿತ್ತು. ಇನ್ನೇನು ಮುಟ್ಟಿದೆವು. ಇಷ್ಟಕ್ಕೆ ಮತ್ತೆ ಇಳಿದು ಗಾಳಿ ಬಿಡಬೇಕೆ? ವೇಗ ಇದ್ದರೆ ದಾಟಿಬಿಡಬಹುದು. ಕಾಲು ತಾನಾಗಿಯೇ ಒತ್ತಿತು.

ಹೊಳೆಯ ನಟ್ಟನಡುವೆ ಕಾರು ನಿಂತಿತು. ಅವಳು ಇನ್ನೂ ಒತ್ತಿದಳು. ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತಿ, ತಮ್ಮ ಗುಂಡಿ ತಾವೇ ತೋಡಿಕೊಂಡು ಒಳಕ್ಕೆ ಇಳಿದವು.

ಎಂಜಿನ್ ಆರಿಸಿ ಹೊರಗೆ ಬಂದಳು. ಚಕ್ರಕ್ಕೆ ಒದ್ದಳು. ಕಾಲೇ ನೊಂದಿತು.

ದಡದ ಮೇಲಿಂದ ಅವ್ವ ಇಳಿದು ಬರುತ್ತಿದ್ದರು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಮರಳಿನಲ್ಲಿ ಒಂದೊಂದೇ ಹೆಜ್ಜೆ.

ಅವ್ವ ಹತ್ತಿರ ಬರುವವರೆಗೂ ತಡೆಯಲಾಗಲಿಲ್ಲ ಅವಳಿಗೆ.

"ನೋಡಿದ್ರಾ ಅವ್ವ? ಅಗಲದ್ದು ಹಾಕಿದ್ರೆ ಅವರ ಬೆನ್ನು ಮುರಿಯುತ್ತೆ. ಒಂದೇ ಅಳತೇದು ಹಾಕಿದ್ರೆ ನಾನು ಹೂತ್ಕೋತೀನಿ! ಬೇಗ ಹೋಗೋದು ತಪ್ಪು, ನಿಲ್ಲೋದು ನನ್ನ ಕೈಲಾಗಲ್ಲ. ಜಾಗ ಕೊಟ್ರಿ, ಜಾಗದಲ್ಲಿ ಇರೋಕೆ ಬರಲ್ಲ. ಊರೂರು ಸುತ್ತಿದೀನಿ, ಎಲ್ಲಾ ಚಕ್ರಾನೂ ನೋಡಿದೀನಿ. ಇದೊಂದು ಹೇಳಿ ನನಗೆ, ಯಾವುದು ಸರಿ?"

ಕೊನೆಯ ಮಾತಿಗೆ ಕಾರಿನ ಮೈಮೇಲೆ ಹೊಡೆಯಲು ಕೈ ಎತ್ತಿದ್ದಳು.

ಅವ್ವ ಆ ಕೈಯನ್ನು ಮೇಲೆಯೇ ಹಿಡಿದುಕೊಂಡರು. ಬಗ್ಗಿ ಹಿಂದಿನ ಕಿಟಕಿಯೊಳಗೆ ನೋಡಿದರು. ಕಾತ್ಯಾಯಿನಿಯೂ ಬಗ್ಗಿದಳು.

ಚೆಲುವಯ್ಯನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ಅರ್ಧ ತೆರೆದು, ಮುನಿಯಪ್ಪ ಮಲಗಿದ್ದ. ಟವೆಲ್ಲಿನ ಕುಣಿಕೆ ಖಾಲಿ ತೂಗುತ್ತಿತ್ತು. ಸೂಜಿ ಚುಚ್ಚಿದ ಕೈ ಎದೆಯ ಮೇಲೆ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ಚೆಲುವಯ್ಯ, ಗೊಣಗದೆ, ಕಲ್ಲಿನಂತೆ ಅಲುಗಾಡದೆ ಕೂತಿದ್ದ.

"ಮೆಲ್ಲಗೆ ಮಾತಾಡು," ಎಂದರು ಅವ್ವ. "ನಿದ್ದೆ ಹತ್ತಿದೆ."